ಪಕ್ಕದ ಸೀಟು

ಭಾನುವಾರ ಮಧ್ಯಾಹ್ನ ಸೇಡಂನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಬೆಂಗಳೂರಿನಿಂದ ಸುನಿತಾಳ ಫೋನು ಬಂತು. ಅಮೃತಪ್ಪನ ಮಗ ಶಾಂತಕುಮಾರ ಎಡಗೈಯಿಂದ ಸ್ಪೀಕರ್ ಒತ್ತಿ ಫೋನನ್ನು ಪುಂಡಿಪಲ್ಯದ ಬೋಗುಣಿಗೆ ಆನಿಸಿಟ್ಟ.

“ಅಪ್ಪಾ, ಮನಿ ಕೆಲಸ ಮುಗೀತು ನೋಡ್ರಿ. ಇನ್ನ ನಾಕು ವಾರಕ್ಕ, ಐತಾರ, ಗೃಹಪ್ರವೇಶ. ಎಲ್ಲಾರೂ ಬರಬೇಕು.”

ಅಮೃತಪ್ಪನ ಕೈಯಲ್ಲಿ ರೊಟ್ಟಿಯ ತುಣುಕು ಹಾಗೇ ನಿಂತಿತು. ಮಗಳು ಹದಿಮೂರು ವರ್ಷ ನರ್ಸ್ ಆಗಿ ದುಡಿದು, ಗಂಡ ಬೀರೇಶನ ಜೊತೆ ಸೇರಿ ಯಲಹಂಕದ ಆಚೆ ಎರಡು ಕೋಣೆಯ ಮನೆ ಕಟ್ಟಿಸಿದ್ದಳು. ಅವನ ಮುಖ ಅರಳಿತು.

“ಶನಿವಾರ ನಸುಕಿನ್ಯಾಗ ಗಾಡಿ ಬಿಡತೀನವ್ವಾ. ಸಂಜೀಕ ನಿನ್ನ ಬಾಗಲಾಗ ಇರ್ತೀವಿ.”

“ಅವ್ವಾ, ಅಜ್ಜಿ ಬೀಸೂಕಲ್ಲು ನನಗ ಕೊಡ್ತೀನಿ ಅಂದಿದ್ದಿ. ಮರೀಬ್ಯಾಡ.”

“ಮರ್ಯಂಗಿಲ್ಲ. ತರ್ತೀವಿ,” ಎಂದಳು ಶರಣಬಸಮ್ಮ. ಫೋನು ಇಟ್ಟ ಮೇಲೆ ಗಂಡನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, ಮಜ್ಜಿಗೆ ಬಗ್ಗಿಸುತ್ತ ಹೇಳಿದಳು: “ಖರೆ, ನಾ ಮಾತ್ರ ವಿಮಾನದಾಗ ಹೋಗ್ತೀನಿ.”

ಶಾಂತಕುಮಾರ ಕೆಮ್ಮಿದ. ಅವನ ಹೆಂಡತಿ ಶಿವಗಂಗಾ ನೀರಿನ ಚೊಂಬು ಮುಂದೆ ಸರಿಸಿದಳು.

“ಏನಂದಿ?” ಎಂದ ಅಮೃತಪ್ಪ.

“ಕನ್ನಡದಾಗೇ ಅಂದೀನಲ್ಲ. ವಿಮಾನದಾಗ ಹೋಗ್ತೀನಿ.”

“ಮನ್ಯಾಗ ಗಾಡಿ ಅದ. ಗಾಡಿ ಓಡಿಸಾಂವ ಅದಾನ. ವಿಮಾನ ಯಾಕ?”

“ನನಗ ಹೋಗಬೇಕು ಅನಸ್ಯಾದ. ಅದಕ್ಕ.”

ಅಮೃತಪ್ಪ ತಾಟಿನಲ್ಲೇ ಕೈ ತೊಳೆದು ಎದ್ದ. ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸು ಓಡಿಸಿದವನು ಅವನು. ಚಿಂಚೋಳಿ, ಚಿತ್ತಾಪುರ, ಶಹಾಬಾದ, ವಾಡಿ, ಕಲಬುರಗಿ, ಹೈದರಾಬಾದ್ ಎಲ್ಲ ದಾರಿಗಳ ತಿರುವುಗಳೂ ಅವನ ಕೈಗೆ ಗೊತ್ತಿದ್ದವು. ಒಂದೂ ಅಪಘಾತವಿಲ್ಲದೆ ನಿವೃತ್ತನಾಗಿ, ಬಂದ ಹಣದಲ್ಲಿ ಬಿಳಿ ಕಾರೊಂದನ್ನು ಕೊಂಡಿದ್ದ. ದಿನಾ ಬೆಳಿಗ್ಗೆ ಅದನ್ನು ತೊಳೆಯುತ್ತಿದ್ದ. ಅದರ ಬೀಗದ ಕೈ ಅವನ ಅಂಗಿಯ ಜೇಬಿನಿಂದ ಬೇರೆಯವರ ಕೈಗೆ ಹೋದದ್ದನ್ನು ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಆ ವಾರ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ.

ಬೆಳಿಗ್ಗೆ ಶಿವಗಂಗಾ ಹತ್ತಿರದ ಮುಧೋಳದ ಶಾಲೆಗೆ ಪಾಠಕ್ಕೆ ಹೊರಡುವ ಗಡಿಬಿಡಿಯಲ್ಲಿ ಡಬ್ಬಿ ಕಟ್ಟುತ್ತಿದ್ದರೆ ಮಾವ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವಳಿಗೆ ಕೇಳಿಸುವಂತೆ ಹೇಳುತ್ತಿದ್ದ:

“ವಿಮಾನದಾಗ ಒಬ್ಬೊಬ್ಬರಿಗಿ ಹದಿನೈದು ಕಿಲೋ ಸಾಮಾನು ಅಷ್ಟೇ ಅಂತ. ನಿಮ್ಮತ್ತಿ ಇನ್ನೂರು ರೊಟ್ಟಿ, ಶೇಂಗಾಹಿಂಡಿ, ತೊಗರಿಬ್ಯಾಳಿ, ಮ್ಯಾಲ ಬೀಸೂಕಲ್ಲು ಒಯ್ತಾಳ. ಕಲ್ಲು ತೊಡೀಮ್ಯಾಲ ಇಟಗೊಂಡು ಕುಂದರ್ತಾಳೇನು, ಕೇಳು.”

ಅತ್ತೆ ಹಿಟ್ಟು ನಾದುತ್ತಲೇ ಉತ್ತರ ಕೊಡುತ್ತಿದ್ದಳು: “ಶಿವಗಂಗಾ, ಹನ್ನೆರಡು ತಾಸು ಮೊಣಕಾಲು ಮಡಚಿ ಕುಂತ್ರ ಗೃಹಪ್ರವೇಶದಾಗ ನನಗ ನಾಕು ಮಂದಿ ಎತ್ತಿ ಒಳಗ ಒಯ್ಯಬೇಕಾಗ್ತದ. ನಿಮ್ಮ ಮಾವಗ ಹೇಳು.”

“ಇಬ್ಬರೂ ಮಾರು ದೂರದಾಗ ನಿಂತೀರಿ. ನೀವೇ ಮಾತಾಡ್ಕೋರಿ. ನನ್ನ ಬಸ್ಸು ಹೋಗ್ತದ,” ಎಂದು ಸೊಸೆ ಚಪ್ಪಲಿ ಮೆಟ್ಟುತ್ತಿದ್ದಳು.

ಬುಧವಾರ ಶಾಂತಕುಮಾರ ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದವನು ಬೀಸುವ ಕಲ್ಲನ್ನು ಎದುರಿನ ಕಿರಾಣಿ ಅಂಗಡಿಗೆ ಹೊತ್ತೊಯ್ದು ತೂಗಿಸಿದ. ಎರಡೂ ಹೋಳು ಸೇರಿ ಇಪ್ಪತ್ತಾರು ಕಿಲೋ.

“ನೋಡಿದಿ?” ಎಂದ ಅಮೃತಪ್ಪ, ತಾನೇ ಗೆದ್ದವನಂತೆ.

“ಅಪ್ಪಾ, ಒಂದು ಕೆಲಸ ಮಾಡೂನು,” ಎಂದ ಮಗ. “ನೀವು, ಅವ್ವ ವಿಮಾನದಾಗ ಹೋಗ್ರಿ. ನಾನು, ಶಿವಗಂಗಾ ಸಾಮಾನು ತಗೊಂಡು ಕಾರಿನ್ಯಾಗ ಬರ್ತೀವಿ. ನಾ ಓಡಸ್ತೀನಿ.”

“ನೀನು?”

“ಲೈಸೆನ್ಸ್ ತಗೊಂಡು ಎಂಟು ವರ್ಷ ಆತು. ದಿನಾ ಕಲ್ಲಿನ ಗಣ್ಯಾಗ ಕಂಪನಿ ಜೀಪ್ ಓಡಸಾಕತ್ತೀನಿ.”

“ಗಣ್ಯಾಗ ಎದುರಿಗಿ ಯಾರು ಬರ್ತಾರ? ಕಲ್ಲು ಬರ್ತಾವೇನು? ಹೆದ್ದಾರಿ ಅಂದ್ರ ಬ್ಯಾರೆ ಅದ.”

“ನನಗ ಮೂವತ್ತಾರು ವರ್ಷ ಆದ್ವು ಅಪ್ಪಾ!”

“ಆಗ್ಲಿ. ಗೇರ್ ಹಾಕೂದು ಇನ್ನಾ ಬಂದಿಲ್ಲ.”

ಶಾಂತಕುಮಾರ ಕಲ್ಲನ್ನು ಜಗಲಿಯ ಮೇಲೆ ಧಪ್ಪನೆ ಇಟ್ಟು ಸ್ನಾನಕ್ಕೆ ಹೋದ. ಆ ದಿನ ಅಪ್ಪ ಮಗ ಇಬ್ಬರೂ ಒಂದೇ ಹೊತ್ತಿಗೆ ಊಟಕ್ಕೆ ಕೂರಲಿಲ್ಲ. ಶಿವಗಂಗಾ ಎರಡು ಸಲ ತಾಟು ಹಾಕಬೇಕಾಯಿತು.

ಎರಡನೆಯ ವಾರ ಅಮೃತಪ್ಪ ಒಂದು ಉಪಾಯ ಹೂಡಿದ. ಕಾರಿನ ಪ್ರಯಾಣ ಎಷ್ಟು ಸುಖ ಎಂದು ಹೆಂಡತಿಗೆ ತೋರಿಸಿಬಿಟ್ಟರೆ ತಕರಾರೇ ಮುಗಿಯುತ್ತದೆ. “ಸನ್ನತಿಗಿ ಹೋಗಿ ಚಂದ್ರಲಾಂಬಾಗ ಕೈ ಮುಗದು ಬರೂನು, ಬರ್ರಿ,” ಎಂದ. ಮುಂದಿನ ಸೀಟಿನ ಮೇಲೆ ಹೆಂಡತಿಗೆಂದು ಮೆತ್ತನೆಯ ದಿಂಬು ಇಟ್ಟ. ಮಗ, ಸೊಸೆ ಹಿಂದೆ ಕೂತರು.

ಕಾರು ನಿಜಕ್ಕೂ ನೀರಿನ ಮೇಲೆ ಹೋದಂತೆ ಹೋಯಿತು. ಎಲ್ಲಿ ಹೊಂಡ, ಎಲ್ಲಿ ಉಬ್ಬು, ಅಮೃತಪ್ಪನಿಗೆ ಬಾಯಿಪಾಠ. ಚಿತ್ತಾಪುರದ ತನಕ ಅವನು ಬಾಯಿ ಬಿಡಲಿಲ್ಲ. ಶರಣಬಸಮ್ಮ ತೊಗರಿ ಹೊಲಗಳನ್ನು ನೋಡಿ, “ಈ ಸಲ ಛೊಲೋ ಬಂದಾದಲ್ರಿ?” ಎಂದಳು. ಉತ್ತರ ಬರಲಿಲ್ಲ. “ಸುನಿತಾಗ ಯಾವ ಸೀರಿ ಒಯ್ಯೂನು?” ಎಂದಳು. “ಹೂಂ,” ಎಂದ ಅವನು, ಕನ್ನಡಿ ನೋಡುತ್ತ.

ಚಿತ್ತಾಪುರದಲ್ಲಿ ಸಿರಾಜುದ್ದೀನನ ಮನೆ. ಅಮೃತಪ್ಪನ ಬಸ್ಸಿನಲ್ಲಿ ಹತ್ತೊಂಬತ್ತು ವರ್ಷ ಕಂಡಕ್ಟರ್ ಆಗಿದ್ದವನು ಅವನು. ಸನ್ನತಿಯಿಂದ ಮರಳುವಾಗ ಊಟಕ್ಕೆ ಬರಲೇಬೇಕೆಂದು ಮೊದಲೇ ಹಟ ಹಿಡಿದಿದ್ದ. ಅವನ ಹೆಂಡತಿ ಖುರ್ಷಿದಬೇಗಂ ಇವರಿಗಾಗಿಯೇ ಬದನೆಕಾಯಿ ಎಣ್ಣೆಗಾಯಿ, ಬೇಳೆ, ಅನ್ನ, ಸಿಹಿಗೆ ಶಾವಿಗೆ ಮಾಡಿಟ್ಟಿದ್ದಳು.

ದರ್ಶನ ಮುಗಿಸಿ ಬಂದು ಕೂತ ಊಟದ ನಡುವೆ ಸಿರಾಜುದ್ದೀನ ಕೇಳಿದ: “ಅಕ್ಕಾ, ವಿಮಾನ ಬೇಕಂತ ಹಟ ಹಿಡದೀರಂತ. ನಮ್ಮ ಅಮೃತಪ್ಪನಂಥಾ ಡ್ರೈವರ್ ಕರ್ನಾಟಕದಾಗ ಸಿಗಂಗಿಲ್ಲ. ಯಾಕ ಬ್ಯಾಡ ಅಂತೀರಿ?”

“ಡ್ರೈವರ್ ಬ್ಯಾಡ ಅಂದಿಲ್ಲ ನಾ, ಭಾಯಿ.”

“ಮತ್ತ?”

ಶರಣಬಸಮ್ಮ ಶಾವಿಗೆಯ ಬಟ್ಟಲು ಕೆಳಗಿಟ್ಟಳು. “ನಿಮ್ಮ ಬಸ್ಸಿನ್ಯಾಗ ಡ್ರೈವರ್ ತಲಿ ಮ್ಯಾಲ ಒಂದು ಬೋರ್ಡ್ ಇರ್ತದಲ್ಲ, ಏನು ಬರದಿರ್ತದ?”

“ಚಾಲಕರೊಂದಿಗೆ ಮಾತನಾಡಬಾರದು,” ಎಂದ ಸಿರಾಜುದ್ದೀನ ನಗುತ್ತ.

“ಆ ಬೋರ್ಡು ನಲವತ್ತು ವರ್ಷದಿಂದ ನನ್ನ ಮನ್ಯಾಗ ಅದ. ಇವರು ನೌಕರಿಮ್ಯಾಲ ಇದ್ದಾಗ ಬಸ್ಸಿಂದು ಚಿಂತಿ. ಮನಿಗಿ ಬಂದ್ರ ನಿದ್ದಿ. ಈಗ ಕಾರು ತಂದಾರ, ನಾ ಬಾಜೂಕೇ ಕುಂದರ್ತೀನಿ, ಕುಂತು ಇವರ ಒಂದು ಕಿವಿ ನೋಡ್ತೀನಿ. ಇಡೀ ಊರಿನ ಮಂದೀಗಿ ಕರ್ಕೊಂಡು ಹೋಗ್ಯಾರ. ನನ್ನ ಕೂಡ ಒಂದು ಸಲಾನೂ ಪ್ರಯಾಣ ಮಾಡಿಲ್ಲ. ವಿಮಾನದಾಗ ಇವರ ಕೈಯಾಗ ಸ್ಟೇರಿಂಗ್ ಇರಂಗಿಲ್ಲಲ್ಲ? ಬಾಜೂಕ ಸುಮ್ಮ ಕುಂದರಬೇಕಾಗ್ತದ. ನನಗ ಅಷ್ಟೇ ಬೇಕಾಗ್ಯಾದ.”

ಖುರ್ಷಿದಬೇಗಂ ಗಂಡನ ಕಡೆ ತಿರುಗಿ, “ಕೇಳಿದ್ರೇನು? ನನ್ನದೂ ಇದೇ ಅದ. ನಿಮಗೂ ಒಂದು ಟಿಕೆಟ್ ತಗಸಬೇಕು,” ಎಂದಳು. ಎಲ್ಲರೂ ನಕ್ಕರು. ಅಮೃತಪ್ಪನೂ ನಕ್ಕ, ಆದರೆ ಅವನ ಬಟ್ಟಲಿನ ಶಾವಿಗೆ ಹಾಗೇ ಉಳಿಯಿತು.

ಮರಳುವ ದಾರಿಯಲ್ಲಿ ಅವನು ಪ್ರಯತ್ನಿಸಿದ. ಚಿತ್ತಾಪುರ ದಾಟಿ ಸ್ವಲ್ಪ ಹೊತ್ತಿಗೆ ಗಂಟಲು ಸರಿಮಾಡಿಕೊಂಡು ಹೆಂಡತಿಯ ಕಡೆ ತಿರುಗಿದ.

“ಹೌದು, ಸುನಿತಾಗ ಸೀರಿ ಅಂದ್ಯಲ್ಲ, ಆ ಇಳಕಲ್ ಸೀರಿ…”

“ಅಪ್ಪಾ, ಎಮ್ಮಿ!” ಎಂದು ಹಿಂದಿನಿಂದ ಶಾಂತಕುಮಾರ ಕೂಗಿದ.

ಬ್ರೇಕು ಕಿರುಚಿತು. ಎಮ್ಮೆ ಕಾರಿನ ಮೂತಿಯನ್ನು ಒಮ್ಮೆ ಮೂಸಿ, ಅವಸರವಿಲ್ಲದೆ ದಾಟಿಹೋಯಿತು. ಮೂವತ್ತನಾಲ್ಕು ವರ್ಷದಲ್ಲಿ ಅಮೃತಪ್ಪ ಹಾಗೆ ಬ್ರೇಕು ಹಾಕಿದ್ದಿಲ್ಲ. ಶರಣಬಸಮ್ಮ ಜಾರಿದ ಸೆರಗು ಸರಿಮಾಡಿಕೊಂಡು, “ಸೀರಿ ಸುದ್ದಿ ಮನ್ಯಾಗ ಮಾತಾಡೂನು. ನೀವು ಮುಂದ ನೋಡ್ರಿ,” ಎಂದಳು. ಹಿಂದೆ ಶಿವಗಂಗಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗು ತಡೆಯುತ್ತಿದ್ದಳು.

ಆಮೇಲಿನ ಮೂರು ದಿನ ಅಮೃತಪ್ಪ ಕಾರು ತೊಳೆದ, ಪೇಪರ್ ಓದಿದ, ಹಾಕಿದ್ದನ್ನು ಉಂಡ. ವಿಮಾನದ ಮಾತು ಎತ್ತಲಿಲ್ಲ, ಕಾರಿನದೂ ಇಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾರು ಮನೆಯ ಮುಂದೆಯೇ ಬಿಟ್ಟು, ಬಸ್ಸು ಹತ್ತಿ ಹೋದ.

“ಎಲ್ಲಿಗಿ ಹೋದ್ರು?” ಎಂದು ಶರಣಬಸಮ್ಮ ಹತ್ತು ಸಲ ಬಾಗಿಲಿಗೆ ಬಂದಳು.

ಮಧ್ಯಾಹ್ನ ಊಟದ ಹೊತ್ತಿಗೆ ಬಂದ. ಕೈಕಾಲು ತೊಳೆದು ಕೂತು, ತಾಟು ಮುಂದೆ ಎಳೆದುಕೊಂಡು ಹೇಳಿದ:

“ಕಲಬುರಗಿ ದಾರ್ಯಾಗ ವಿಮಾನ ನಿಲ್ದಾಣ ಅದಲ್ಲ, ಅಲ್ಲಿ ಹೋಗಿದ್ದೆ. ಗೇಟಿನ ಮುಂದ ಚಾ ಕುಡಕೋತ ನಿಂತೆ. ಒಂದು ವಿಮಾನ ಇಳೀತು, ಒಂದು ತಾಸಿನ್ಯಾಗ ಮತ್ತ ಹಾರ್ತು. ಸಣ್ಣದೇ ಅದ. ಖರೆ ಛೊಲೋ ಎಬ್ಬಸ್ದ ನೋಡು ಅಂವ, ಝಟಕಾ ಇಲ್ಲದಂಗ.”

“ಹಂಗಂದ್ರ?” ಎಂದಳು ಶರಣಬಸಮ್ಮ.

“ಹಂಗಂದ್ರ ಎರಡು ಟಿಕೆಟ್ ತಗಸು ಅಂತ ಶಾಂತಗ ಹೇಳು. ಒಂದು ಕಿಟಕಿ ಸೀಟು. ಅದರ ಪಕ್ಕದ್ದು ನನಗ.”

ಅವಳು ಒಳಗೆ ಹೋಗಿ, ಹಬ್ಬಕ್ಕೆಂದು ಎತ್ತಿಟ್ಟಿದ್ದ ಬೆಣ್ಣೆಯನ್ನೆಲ್ಲ ತಂದು ಅವನ ರೊಟ್ಟಿಯ ಮೇಲೆ ಹಾಕಿದಳು.

ಬೀಗದ ಕೈ ಮಗನಿಗೆ ಕೊಡುವುದು ಟಿಕೆಟ್ಟಿನಷ್ಟು ಸುಲಭವಾಗಲಿಲ್ಲ. ಮೂರನೆಯ ವಾರ ಪೂರ್ತಿ ಶಾಂತಕುಮಾರನಿಗೆ ಪರೀಕ್ಷೆ. ಪಾಳಿ ಮುಗಿದ ಕೂಡಲೇ ಅಪ್ಪ ಅವನನ್ನು ಚಿಂಚೋಳಿ ದಾರಿಗೆ ಕರೆದೊಯ್ಯುತ್ತಿದ್ದ. ಸುಲೇಪೇಟಕ್ಕೆ ಹೋಗಿ ಚಹಾ ಕುಡಿದು ಮರಳುವುದು. ಮೊದಲ ದಿನ ಅಪ್ಪ ದಾರಿಯುದ್ದಕ್ಕೂ ಬೈದ.

“ಗೇರ್ ಬದಲಿಸಿದ್ದು ಒಳಗ ಕುಂತಾವ್ರಿಗಿ ಗೊತ್ತಾಗಬಾರ್ದು. ಹೊಟ್ಟ್ಯಾಗಿನ ನೀರು ಅಳ್ಳಾಡಬಾರ್ದು.”

“ಅಪ್ಪಾ, ಎದುರಿಗಿ ಕಲ್ಲಿನ ಲಾರಿ ಬರಾಕತ್ಯಾದ. ಸ್ವಲ್ಪ ತಡೀರಿ.”

“ಲಾರಿ ಬರ್ಲಿ. ನೀ ಅಂಜಬ್ಯಾಡ, ಅವನ ಮುಂದಿನ ಗಾಲಿ ನೋಡು. ಕಣ್ಣಿಗಿಂತ ಮೊದಲ ಗಾಲಿ ಹೇಳ್ತದ ಅಂವ ಎಲ್ಲಿ ಹೊಂಟಾನ ಅಂತ.”

ಎರಡನೆಯ ದಿನ ಬೈಗುಳ ಅರ್ಧಕ್ಕಿಳಿಯಿತು. ಐದನೆಯ ದಿನ ಸುಲೇಪೇಟದಿಂದ ಬರುವಾಗ ಪಕ್ಕದಿಂದ ಸದ್ದೇ ಇಲ್ಲ. ಶಾಂತಕುಮಾರ ಗಾಬರಿಯಿಂದ ತಿರುಗಿ ನೋಡಿದರೆ ಅಪ್ಪ ಬಾಗಿಲಿಗೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದ. ಮನೆ ಮುಟ್ಟಿದ ಮೇಲೆ ಎಬ್ಬಿಸಿದ.

“ಬಂತೇನು?” ಎಂದು ಅಮೃತಪ್ಪ ಕಣ್ಣುಜ್ಜಿಕೊಂಡ. ಆಮೇಲೆ ಬೀಗದ ಕೈ ಕೇಳಲು ಕೈ ಚಾಚಿದವನು ಹಾಗೇ ಹಿಂದಕ್ಕೆಳೆದುಕೊಂಡ. “ನಿನ್ನ ಕಡೆ ಇರ್ಲಿ.”

ಶಾಂತಕುಮಾರ ಒಳಗೆ ಬಂದು ಹೆಂಡತಿಗೆ ಹೇಳಿದ: “ನಾ ಓಡಸೂಮುಂದ ಅಪ್ಪ ಮಲಗಿದ್ರು ನೋಡು!” ಹತ್ತನೇ ತರಗತಿ ಪಾಸಾದ ದಿನವೂ ಅವನು ಅಷ್ಟು ಹಿಗ್ಗಿರಲಿಲ್ಲ ಎಂದು ಅವನ ತಾಯಿ ಆಮೇಲೆ ಹೇಳುತ್ತಿದ್ದಳು.

ಹೊರಡುವ ವಾರ ಶರಣಬಸಮ್ಮ ಮತ್ತು ಶಿವಗಂಗಾ ಇಬ್ಬರೂ ಒಲೆಯ ಮುಂದೆ ಕೂತು ಇನ್ನೂರು ರೊಟ್ಟಿ ಬಡಿದು, ಕಡಕಾಗುವಂತೆ ಒಣಗಿಸಿ, ಅಮೃತಪ್ಪನ ಹಳೆಯ ಪಂಚೆಯಲ್ಲಿ ಸುತ್ತಿದರು. ಬೀಸುವ ಕಲ್ಲು ಡಿಕ್ಕಿಯಲ್ಲಿ ಗೋಣಿಚೀಲದ ಮೇಲೆ ಕೂತಿತು. ಶನಿವಾರ ನಸುಕಿನಲ್ಲಿ ಮಗ, ಸೊಸೆ ಕಾರಿನಲ್ಲಿ ಹೊರಟರು. ಅಮೃತಪ್ಪ ನಾಲ್ಕೂ ಗಾಲಿ ಒದ್ದು ನೋಡಿ, “ಹುಷಾರ್,” ಎಂದಷ್ಟೇ ಅಂದ.

ಬೆಳಕಾದ ಮೇಲೆ ಇವರಿಬ್ಬರು ಕಲಬುರಗಿಯ ಬಸ್ಸು ಹತ್ತಿದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ್ದರಿಂದ ಶರಣಬಸಮ್ಮ ಆಧಾರ್ ಕಾರ್ಡು ತೋರಿಸಿದಳು. “ಇದೇ ಕಾರ್ಡು ಬಸ್ಸಿಗೂ ನಡೀತದ, ವಿಮಾನಕ್ಕೂ ನಡೀತದ,” ಎಂದು ಕಂಡಕ್ಟರನಿಗೆ ಹೆಮ್ಮೆಯಿಂದ ಹೇಳಿದಳು. ಚಾಲಕ ಅಮೃತಪ್ಪನ ಕೈಕೆಳಗೆ ಕಲಿತವನು. ಸುದ್ದಿ ತಿಳಿದು, ವಿಮಾನ ನಿಲ್ದಾಣದ ಗೇಟಿನೆದುರು ಬಸ್ಸು ನಿಲ್ಲಿಸಿ, ಇಳಿದು ಬಂದು, ಗುರುವಿನ ಬ್ಯಾಗು ತಾನೇ ಇಳಿಸಿಕೊಟ್ಟ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಕೈಬೀಸಿದರು.

ವಿಮಾನ ನೆಲ ಬಿಟ್ಟಾಗ ಶರಣಬಸಮ್ಮ ಗಂಡನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಅವಳ ಬಳೆಯ ಗುರುತು ಅವನ ಚರ್ಮದ ಮೇಲೆ ಮೂಡಿತು. ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣು ತೆರೆದು ಕೆಳಗೆ ನೋಡಿದಳು.

“ಇದ್ಯಾವ ದಾರಿ ಅದರೀ?”

ಅಮೃತಪ್ಪ ಅವಳ ಭುಜದ ಮೇಲಿಂದ ಬಗ್ಗಿ ನೋಡಿದ. ತಾನು ಸಾವಿರಾರು ಸಲ ತುಳಿದ ದಾರಿ ಇರಬೇಕು. ಗುರುತು ಹತ್ತಲಿಲ್ಲ. “ಗೊತ್ತಾಗವಲ್ದು,” ಎಂದ.

“ನಿಮಗ ದಾರಿ ಗೊತ್ತಿಲ್ಲ! ಇದು ನನಗ ಬರಕೊಡ್ರಿ,” ಎಂದು ಅವಳು ನಕ್ಕಳು. ಆಮೇಲೆ ಗಂಡನ ಕಡೆ ಪೂರ್ತಿ ತಿರುಗಿ ಕೂತಳು. “ಬಸ್ಸಿನ್ಯಾಗ ಬರೂಮುಂದ ಮಳಖೇಡದ ಸೇತುವೆ ದಾಟಿದ್ವಲ್ಲ, ಆಗ ನೆನಪಾತು. ಒಂದು ಮಾತು ಕೇಳಬೇಕು. ಶಾಂತನ ತೊಟ್ಟಿಲ ದಿನ ನೀವು ಯಾಕ ಬರಲಿಲ್ಲ?”

“ಹೊಳಿ ತುಂಬಿ ಬಂದಿತ್ತು. ಅವತ್ತೇ ಹೇಳಿದ್ನಲ್ಲ.”

“ಹೊಳಿ ಬಂದಿತ್ತು ಅಂದ್ರಿ. ಮರುದಿನ ಬರೂಮುಂದ ಕರವಸ್ತ್ರದಾಗ ಮದುವಿ ಉಂಡಿ ಕಟ್ಟಿಕೊಂಡು ಬಂದ್ರಿ. ಮಗನ ತೊಟ್ಟಿಲ ಬಿಟ್ಟು ಯಾರದೋ ಮದುವಿ ಊಟಕ್ಕ ಹೋಗಿದ್ರಿ ಅಂತ ನಾ ಎಂಟು ದಿನ ಮಾತು ಬಿಟ್ಟಿದ್ದೆ.”

“ಅದಕ್ಕ ಬಿಟ್ಟಿದ್ದೇನು?” ಅಮೃತಪ್ಪ ಬೆರಗಾದ. “ನಾ ಬಾಣಂತಿಗಿ ತ್ರಾಸ ಆಗ್ಯಾದ ಅನ್ಕೊಂಡಿದ್ದೆ.”

“ಹೇಳ್ರಿ ಈಗ. ಏನಾಗಿತ್ತು?”

ಅವನು ಹೇಳತೊಡಗಿದ. ಕಲಬುರಗಿಯಿಂದ ಬರುವಾಗ ಬಸ್ಸಿನ ತುಂಬ ಮದುವೆಯ ಹೆಣ್ಣಿನ ಕಡೆಯವರು. ಹೆಣ್ಣೂ ಅದೇ ಬಸ್ಸಿನಲ್ಲಿ, ಅರಿಶಿನ ಹಚ್ಚಿಕೊಂಡು. ಗಂಡಿನ ಮನೆ ಸೇಡಂನಲ್ಲಿ. ಮಳಖೇಡಕ್ಕೆ ಬಂದರೆ ಕಾಗಿಣಾ ಹೊಳೆ ಸೇತುವೆಯ ಮೇಲೆ ಹರಿಯುತ್ತಿತ್ತು. ಆಚೆ ದಡದಲ್ಲಿ ಗಂಡು, ಗಂಡಿನ ಕಡೆಯವರು, ಮದುವೆ ಮಾಡಿಸುವ ಅಯ್ಯನವರು ಎಲ್ಲ ಬಂದು ನಿಂತಿದ್ದರು. ಈಚೆ ಇವರು. ನಡುವೆ ಕೆಂಪು ನೀರು.

“ಹೆಣ್ಣಿನ ತಾಯಿ ಅಳಲಿಕ್ಕಿ ಶುರು ಮಾಡಿದಳು. ಮುಹೂರ್ತ ತಪ್ಪಿದ್ರ ಕೂಸಿಗಿ ಮಂದಿ ಏನಂತಾರೋ ಅಂತ. ಆಗ ನಮ್ಮ ಸಿರಾಜ್ ಭಾಯಿ ಬಸ್ಸಿನ ಮ್ಯಾಲ ಏರಿ, ಆಚಿ ದಂಡಿಗಿ ಕೂಗಿ ಕೇಳಿದ, ‘ಅಯ್ಯನವರೇ, ಅಲ್ಲಿಂದಲೇ ಮದುವಿ ಮಾಡಸ್ಲಿಕ್ಕಿ ಬರ್ತದೇನು?’ ಅಂತ.”

“ಅಯ್ಯ! ಆಮ್ಯಾಲ?”

“ಆಮ್ಯಾಲ ಅಯ್ಯನವರು ಹೆಗಲಮ್ಯಾಗಿನ ಶಲ್ಯ ತಗದು ಮ್ಯಾಲ ಎತ್ತಿದ್ರು…”

ಅಷ್ಟರಲ್ಲಿ ಕಿವಿ ಗುಂಯ್ ಎಂದವು. ವಿಮಾನ ಇಳಿಯತೊಡಗಿತ್ತು. ಗಾಲಿ ನೆಲ ಮುಟ್ಟಿದಾಗ ಅಮೃತಪ್ಪನ ಬಲಗಾಲು ತಾನಾಗಿ ಮುಂದಿನ ಸೀಟಿನ ಕೆಳಗೆ ಬ್ರೇಕು ಒತ್ತಿತು. “ಇಷ್ಟ ಜಲ್ದಿ ಬಂತೇನು?” ಎಂದ, ಬೇಸರದಿಂದ.

ಇಳಿಯುವ ಗದ್ದಲದಲ್ಲಿ, ಬ್ಯಾಗು ಹಿಡಿಯುವ ಗಡಿಬಿಡಿಯಲ್ಲಿ ಶರಣಬಸಮ್ಮ ಅವನ ಅಂಗಿಯ ಚುಂಗು ಬಿಡಲಿಲ್ಲ. “ಶಲ್ಯ ಎತ್ತಿದ್ರು. ಮುಂದ?” ಎಂದು ಕೇಳುತ್ತಲೇ ಇದ್ದಳು. ಹೊರಗೆ ಬಂದು ಒಂದು ಖಾಲಿ ಬೆಂಚು ಕಂಡ ಕೂಡಲೇ ಅವನನ್ನು ಕೂರಿಸಿ ತಾನೂ ಕೂತಳು. ಜೇಬಿನಲ್ಲಿ ಫೋನು ರಿಂಗಣಿಸಿತು. ಶಾಂತಕುಮಾರ.

“ಅಪ್ಪಾ, ಬಳ್ಳಾರಿ ದಾಟಿದ್ವಿ. ಇಲ್ಲಿ ಎರಡು ದಾರಿ ಅವ, ಯಾವುದು…”

“ನಿನಗ ಯಾವುದು ಸರಿ ಅನಸ್ತದ ಅದರಾಗ ಬಾ. ನಾ ಮಾತಾಡಾಕತ್ತೀನಿ,” ಎಂದು ಅಮೃತಪ್ಪ ಫೋನು ಇಟ್ಟ. “ಹಾಂ, ಅಯ್ಯನವರು ಶಲ್ಯ ಎತ್ತಿದ್ರು, ಮುಹೂರ್ತ ಬಂತು ಅಂತ. ಈ ಕಡೆ ಬ್ಯಾಂಡ್ ಇಲ್ಲ, ಬಾಜಾ ಇಲ್ಲ. ನಾ ಬಸ್ಸಿನ ಹಾರ್ನ್ ಮ್ಯಾಲ ಕೈ ಇಟ್ಟೆ. ಒತ್ತಿದೆ ನೋಡು, ಬಿಡಲೇ ಇಲ್ಲ! ಎರಡೂ ದಂಡಿ ಮಂದಿ ಹೊಳಿಗಿ ಅಕ್ಷತಾ ಚೆಲ್ಲಿದ್ರು. ಹೆಣ್ಣು ಈ ಕಡಿಂದ ಕೈ ಮುಗದಳು, ಗಂಡು ಆ ಕಡಿಂದ. ಮರುದಿನ ನೀರು ಇಳದ ಮ್ಯಾಲ ತಾಳಿ ಕಟ್ಟಸಿದ್ರು. ಹೆಣ್ಣಿನ ತಾಯಿ ನನ್ನ ಕೈಯಾಗ ಉಂಡಿ ಇಟ್ಟು, ‘ನಿನ್ನ ಮನ್ಯಾಗೂ ನಿನ್ನಿ ಶುಭ ಕಾರ್ಯ ಇತ್ತಂತಲ್ಲಪ್ಪಾ, ಕೂಸಿನ ತಾಯಿಗಿ ಒಯ್ದು ಕೊಡು’ ಅಂದಳು. ಹದಿನಾಲ್ಕು ಉಂಡಿ. ನಾ ಒಂದೂ ತಿಂದಿರಲಿಲ್ಲ.”

ಶರಣಬಸಮ್ಮ ಬಾಯಿಗೆ ಕೈ ಇಟ್ಟುಕೊಂಡಳು.

“ಯಾಕ?”

“ಆ ಉಂಡಿ… ಸಿಟ್ಟಿಗಿ ಬಂದು ಬಾಜೂ ಮನಿ ಎಮ್ಮಿಗಿ ಹಾಕಿದ್ದೆ.”

“ಹದಿನಾಲ್ಕೂ?”

“ಹದಿನಾಲ್ಕೂ.”

ಅಮೃತಪ್ಪ ಅವಳನ್ನೇ ನೋಡಿದ. ಆಮೇಲೆ ಅವನ ಹೊಟ್ಟೆಯೊಳಗಿಂದ ನಗು ಎದ್ದಿತು. ಅವಳೂ ಶುರು ಮಾಡಿದಳು. ಗಾಲಿಯ ಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದವರು ತಿರುಗಿ ನೋಡಿದರು. ಕಣ್ಣೊರೆಸಿಕೊಳ್ಳುವುದು, ಒಬ್ಬರ ಮುಖ ಒಬ್ಬರು ನೋಡುವುದು, ಮತ್ತೆ ನಗುವುದು.

ಸುನಿತಾ ಓಡುತ್ತ ಬಂದಳು. “ಇಲ್ಲಿ ಕುಂತೀರೇನು! ನಾ ಆ ಕಡಿ ಬಾಗಲಾಗ ಹುಡಕಾಕತ್ತೀನಿ. ಏನಾಯ್ತು? ಯಾಕ ಹಿಂಗ ನಗಾಕತ್ತೀರಿ?”

“ಬಾ, ಕುಂದ್ರು,” ಎಂದಳು ತಾಯಿ ಮಗಳ ಕೈ ಹಿಡಿದೆಳೆದು. “ನಿಮ್ಮಪ್ಪ ಇನ್ನೊಮ್ಮಿ ಹೇಳ್ತಾರ.”

“ಅವ್ವಾ, ಬೀರೇಶ ಗಾಡಿ ಹಚ್ಚಿ ಕಾಯಾಕತ್ತಾರ. ಮನ್ಯಾಗ ಸಾವಿರ ಕೆಲಸ ಅವ.”

“ಇರ್ಲಿ ಬಿಡು.”

ಅಮೃತಪ್ಪ ಬ್ಯಾಗನ್ನು ಕಾಲ ಬಳಿಗೆ ಸರಿಸಿ ಮಗಳಿಗೆ ಜಾಗ ಮಾಡಿಕೊಟ್ಟ.

“ಅವತ್ತು ಕಾಗಿಣಾ ಹೊಳಿ ಎಷ್ಟು ಬಂದಿತ್ತು ಅಂತೀಯವ್ವಾ,” ಎಂದು ಮೊದಲಿನಿಂದ ಶುರು ಮಾಡಿದ.